ನೇರ ಹಾಸ್ಯದ ವಿಮರ್ಶೆ

ನೋಡುಗರ ಎದುರಿಗೇ ನಡೆದು ಅಲ್ಲೇ ಮುಗಿದುಹೋಗುವ ನಗೆ ಪ್ರಸಂಗಗಳನ್ನು ಒಂದೊಂದು ರಾತ್ರಿಯ, ಒಂದೊಂದು ಕಂತಿನ ಲೆಕ್ಕದಲ್ಲಿ ಒರೆಗೆ ಹಚ್ಚುವ ಬರಹ ಅಥವಾ ಮಾತಿಗೆ ನೇರ ಹಾಸ್ಯದ ವಿಮರ್ಶೆ ಎನ್ನಬಹುದು. ಟಿವಿಯಲ್ಲಿ ನೇರವಾಗಿ ಬಿತ್ತರವಾಗುವ ಕಿರುಪ್ರಹಸನಗಳ ಕಂತು ವಿಮರ್ಶೆ ಇದರ ಹೆಸರಾದ ರೂಪ. ಅಮೆರಿಕದಲ್ಲಿ ಅದಕ್ಕೆ ಐದು ದಶಕಗಳ ಬೆಳವಣಿಗೆ ಇದೆ. ಕನ್ನಡ ಟಿವಿಯಲ್ಲಿ ಸ್ಕಿಟ್ ಕಾರ್ಯಕ್ರಮಗಳಿಗೆ ಬರವಿಲ್ಲ. ಆದರೆ ಅವು ಮೊದಲೇ ಚಿತ್ರೀಕರಿಸಿ, ಕತ್ತರಿಸಿ, ಜೋಡಿಸಿದವು. ಕನ್ನಡ ನಾಡಿನಲ್ಲಿ ರಾತ್ರಿಯಿಂದ ರಾತ್ರಿಗೆ ಹೊಸದಾಗುವ ನಿಜವಾದ ನೇರ ಹಾಸ್ಯ ಉಳಿದಿರುವುದು ಮುಖ್ಯವಾಗಿ ಕರಾವಳಿಯ ಯಕ್ಷಗಾನ ಬಯಲಾಟದಲ್ಲಿ. ಸುಳ್ಯ ಪೇಟೆಗೆ ತಾಗಿರುವ ಆಲೆಟ್ಟಿಯಂಥ ಊರುಗಳಲ್ಲಿ ಅದಕ್ಕೆ ಬರೆಹಕ್ಕಿಳಿಯದ ವಿಮರ್ಶೆಯೊಂದು ಹಿಂದಿನಿಂದಲೂ ನಡೆದುಬಂದಿದೆ. ನ್ಯೂಯಾರ್ಕಿನ ಸ್ಟುಡಿಯೋ ಆಗಲಿ, ಗದ್ದೆಯ ರಂಗಸ್ಥಳವಾಗಲಿ, ವಿಮರ್ಶಕನಿಗೆ ಎದುರಾಗುವ ಕಷ್ಟ ಒಂದೇ ಬಗೆಯದು: ಕೈಯಲ್ಲಿ ಹಿಡಿದು ತೋರಿಸಲು ಕೃತಿಯಿಲ್ಲ, ಆ ರಾತ್ರಿ ನಡೆದದ್ದೇ ಕೃತಿ.

ಶಾಸ್ತ್ರದಲ್ಲಿ

ಭರತನ ನಾಟ್ಯಶಾಸ್ತ್ರ ಪ್ರಹಸನವನ್ನು ಹತ್ತು ರೂಪಕಗಳಲ್ಲಿ ಒಂದಾಗಿ ಎಣಿಸುತ್ತದೆ. ನಗೆಯನ್ನು ಸ್ಮಿತದಿಂದ ಅತಿಹಸಿತದವರೆಗೆ ಆರು ಬಗೆ ಮಾಡುತ್ತದೆ. ವಿಮರ್ಶೆಯ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದದ್ದು ಸಿದ್ಧಿಯನ್ನು ಕುರಿತ 27ನೆಯ ಅಧ್ಯಾಯ. ಪ್ರಯೋಗ ಗೆದ್ದಿತೋ ಸೋತಿತೋ ಎಂಬುದನ್ನು ಸಭೆಯ ಪ್ರತಿಕ್ರಿಯೆಯಿಂದಲೇ ಅಳೆಯುವ ಕ್ರಮವನ್ನು ಅದು ಹೇಳುತ್ತದೆ. ಮುಗುಳ್ನಗೆ, ಅರೆನಗೆ, ಗಟ್ಟಿನಗೆ, ‘ಸಾಧು’, ‘ಅಹೋ’ ಎಂಬ ಉದ್ಗಾರಗಳು, ಸಭೆಯಿಡೀ ಏಳುವ ಗದ್ದಲ ಇವು ಬಾಯಿಯಿಂದ ಹೊರಡುವ ಗುರುತುಗಳು. ರೋಮಾಂಚ, ಕುಳಿತಲ್ಲಿಂದ ಎದ್ದು ನಿಲ್ಲುವುದು, ಬಟ್ಟೆ ಎಸೆದು ಮೆಚ್ಚುಗೆ ತೋರಿಸುವುದು ಮೈಯಿಂದ ಹೊರಡುವವು. ವಿದೂಷಕನ ಮಾತಿಗೆ ಬರಬೇಕಾದದ್ದು ಗಟ್ಟಿನಗೆಯೇ ಎಂದೂ ಅಲ್ಲಿ ಹೇಳಿದೆ. ಪ್ರಯೋಗದಲ್ಲಿ ಆಗುವ ತಪ್ಪಿಗೆ ಘಾತವೆಂದು ಹೆಸರು. ದೈವದಿಂದ ಬಂದದ್ದು, ನಟ ತಾನೇ ಮಾಡಿಕೊಂಡದ್ದು, ಎದುರಾಳಿಗಳು ಬೇಕೆಂದೇ ತಂದಿಟ್ಟದ್ದು ಎಂದು ಅದರಲ್ಲೂ ಭೇದ ಮಾಡಿದ್ದಾರೆ. ಮಳೆ ಬಂದು ಆಟ ಕೆಟ್ಟರೆ ನಟನನ್ನು ದೂರಬಾರದೆಂಬ ವಿವೇಕ ಈ ಭೇದದಲ್ಲಿದೆ.

ತಂಡಗಳ ನಡುವೆ ಸ್ಪರ್ಧೆ ಏರ್ಪಟ್ಟಾಗ ತೀರ್ಪು ಕೊಡುವವರು ಪ್ರಾಶ್ನಿಕರು, ಗೆದ್ದವರಿಗೆ ಪತಾಕೆ. ಒಬ್ಬನೇ ಎಲ್ಲ ಬಲ್ಲವನೆಂಬ ನಂಬಿಕೆ ಭರತನಿಗೆ ಇದ್ದಂತಿಲ್ಲ. ಯಜ್ಞದ ವಿಷಯ ಬಂದರೆ ಯಾಜ್ಞಿಕ, ಪದ್ಯದ ನಡೆಗೆ ಛಂದಸ್ಸು ಬಲ್ಲವನು, ಶಸ್ತ್ರದ ವರಸೆಗೆ ಬಿಲ್ಲುಗಾರ, ಶೃಂಗಾರಕ್ಕೆ ಗಣಿಕೆ ಎಂದು ಒಂದೊಂದಕ್ಕೂ ಬೇರೆ ಬೇರೆಯವರನ್ನು ಆತ ಗೊತ್ತುಮಾಡುತ್ತಾನೆ. ಹಾಸ್ಯಕ್ಕೆಂದು ಪ್ರತ್ಯೇಕ ಪ್ರಾಶ್ನಿಕ ಆ ಪಟ್ಟಿಯಲ್ಲಿಲ್ಲ. ಸಭೆ ನಕ್ಕಿತೆಂದ ಮೇಲೆ ಬೇರೆ ಸಾಕ್ಷಿ ಯಾಕೆ ಎಂದುಕೊಂಡಿರಬೇಕು. ನಗುವನ್ನೇ ಪೂರ್ತಿ ನಂಬಬಹುದೇ ಎಂಬ ಪ್ರಶ್ನೆ ಮಾತ್ರ ಅಂದಿನಿಂದ ಇಂದಿನವರೆಗೆ ಬಾಕಿ ಉಳಿದಿದೆ.

ಟಿವಿಯ ನೇರ ಪ್ರಹಸನ

ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1950ರಿಂದ 1954ರವರೆಗೆ ಸಿಡ್ ಸೀಸರ್ ಮುಖ್ಯ ನಟನಾಗಿದ್ದ ‘ಯುವರ್ ಷೋ ಆಫ್ ಷೋಸ್’ ವಾರಕ್ಕೊಮ್ಮೆ ಒಂದೂವರೆ ಗಂಟೆ ನೇರವಾಗಿ ನಡೆಯುತ್ತಿತ್ತು. ಬ್ರಿಟನ್ನಿನಲ್ಲಿ ಬಿಬಿಸಿಯ ‘ದಟ್ ವಾಸ್ ದ ವೀಕ್ ದಟ್ ವಾಸ್’ 1962–63ರಲ್ಲಿ ವಾರದ ರಾಜಕೀಯವನ್ನು ಆ ವಾರವೇ ಗೇಲಿ ಮಾಡಿ ತೋರಿಸಿತು. ಇವೆರಡರ ಗುಣಗಳನ್ನೂ ಉಳಿಸಿಕೊಂಡು ಬೆಳೆದದ್ದು ‘ಸ್ಯಾಟರ್ಡೇ ನೈಟ್ ಲೈವ್’. ಲಾರ್ನ್ ಮೈಕೆಲ್ಸ್ ರೂಪಿಸಿದ ಈ ಕಾರ್ಯಕ್ರಮ 1975ರ ಅಕ್ಟೋಬರ್ 11ರಂದು ನ್ಯೂಯಾರ್ಕಿನ ರಾಕೆಫೆಲರ್ ಕಟ್ಟಡ ಸಮೂಹದ 8ಎಚ್ ಸ್ಟುಡಿಯೋದಿಂದ ಮೊದಲು ಬಿತ್ತರವಾಯಿತು. ಮೊದಲ ಅತಿಥಿ ನಿರೂಪಕ ಹಾಸ್ಯಗಾರ ಜಾರ್ಜ್ ಕಾರ್ಲಿನ್.

ಅದರ ವಾರದ ದುಡಿಮೆಯ ಕ್ರಮ ತಿಳಿಯದೆ ಅದರ ವಿಮರ್ಶೆ ಅರ್ಥವಾಗುವುದಿಲ್ಲ. ಸೋಮವಾರ ಅತಿಥಿಯ ಮುಂದೆ ಕಲ್ಪನೆಗಳನ್ನು ಹೇಳುತ್ತಾರೆ; ಮಂಗಳವಾರ ರಾತ್ರಿಯಿಡೀ ಬರವಣಿಗೆ; ಬುಧವಾರ ಸುಮಾರು 40 ಹಸ್ತಪ್ರತಿಗಳನ್ನು ಸುತ್ತ ಕುಳಿತು ಓದುತ್ತಾರೆ. ಅದರಲ್ಲಿ ಹೆಚ್ಚಿನವು ಅಲ್ಲೇ ಬೀಳುತ್ತವೆ. ಶನಿವಾರ ರಾತ್ರಿ 8ಕ್ಕೆ ಬೇರೊಂದು ಪ್ರೇಕ್ಷಕ ಸಮೂಹದ ಮುಂದೆ ಪೂರ್ಣ ತಾಲೀಮು; ಅಲ್ಲಿ ನಗು ಬರದ ಸ್ಕೆಚ್‌ಗಳನ್ನು, ಅಂದರೆ ಕಿರುಪ್ರಹಸನಗಳನ್ನು, ತೆಗೆದುಹಾಕಿ 11:30ಕ್ಕೆ ನೇರ ಪ್ರಸಾರ. ಹೀಗಾಗಿ ಮನೆಯಲ್ಲಿ ಕುಳಿತು ನೋಡುವವರಿಗೆ ತಲುಪುವ ಕಂತು ಆಗಲೇ ಒಂದು ವಿಮರ್ಶೆಯನ್ನು ದಾಟಿ ಬಂದದ್ದು. ಒಳ್ಳೆಯ ವಿಮರ್ಶಕರು ಸ್ಕೆಚ್‌ಗಳ ಸರದಿಯನ್ನೂ ಓದಬಲ್ಲರು. ತಂಡಕ್ಕೆ ಗಟ್ಟಿ ನಂಬಿಕೆಯಿರುವುದು ಮೊದಲರ್ಧದಲ್ಲಿ ಬರುತ್ತದೆ, ನಡುವೆ ಅಣಕು ವಾರ್ತೆಯ ‘ವೀಕೆಂಡ್ ಅಪ್‌ಡೇಟ್’. ಯಾರಿಗೂ ಭರವಸೆಯಿಲ್ಲದ ವಿಚಿತ್ರ ಕಲ್ಪನೆಗೆ ರಾತ್ರಿ ಒಂದು ಗಂಟೆಗೆ ಹತ್ತು ನಿಮಿಷವಿದ್ದಾಗ ಜಾಗ ಸಿಗುತ್ತದೆ. ಕಾರ್ಯಕ್ರಮದ ಅಭಿಮಾನಿಗಳು ಬಹುಕಾಲ ನೆನಪಿಟ್ಟುಕೊಳ್ಳುವ ಸ್ಕೆಚ್‌ಗಳು ಎಷ್ಟೋ ಬಾರಿ ಈ ಕೊನೆಯ ಜಾಗದಿಂದಲೇ ಬಂದಿವೆ.

ನೇರವೆಂಬುದು ಬರೀ ಜಾಹೀರಾತಿನ ಮಾತಾಗದಂತೆ ಕಾಯ್ದದ್ದು ಕೆಲವು ಅನಾಹುತಗಳು. 1975ರ ಡಿಸೆಂಬರ್ 13ರ ಕಂತಿಗೆ ರಿಚರ್ಡ್ ಪ್ರಯರ್ ಅತಿಥಿಯಾದಾಗ ಆತ ಏನು ಆಡಿಬಿಡುತ್ತಾನೋ ಎಂಬ ಹೆದರಿಕೆಯಿಂದ ವಾಹಿನಿ ಪ್ರಸಾರವನ್ನು ಕೆಲವು ಸೆಕೆಂಡು ತಡಮಾಡಿ ಬಿಟ್ಟಿತು. 1992ರ ಅಕ್ಟೋಬರ್ 3ರಂದು ಗಾಯಕಿ ಶಿನೇಡ್ ಓಕಾನರ್ ಹಾಡಿನ ಕೊನೆಗೆ ಪೋಪ್ ಅವರ ಚಿತ್ರವನ್ನು ಹರಿದಳು. ತಾಲೀಮಿನಲ್ಲಿ ಆಕೆ ಹಿಡಿದಿದ್ದದ್ದು ಒಂದು ಮಗುವಿನ ಚಿತ್ರ. ಮರುಪ್ರಸಾರದಲ್ಲಿ ಎನ್‌ಬಿಸಿ ತಾಲೀಮಿನ ಚಿತ್ರಿಕೆಯನ್ನೇ ಸೇರಿಸಿತು. ಆ ರಾತ್ರಿ ನೋಡಿ ಬರೆದವನು ಮತ್ತು ಮರುಪ್ರಸಾರ ನೋಡಿ ಬರೆದವನು ಒಂದೇ ತಾರೀಖಿನ ಎರಡು ಬೇರೆ ಕಂತುಗಳ ಬಗ್ಗೆ ಬರೆದಂತಾಯಿತು.

ಪತ್ರಿಕೆಗಳು ಮೊದಮೊದಲು ಇಂಥ ಕಾರ್ಯಕ್ರಮವನ್ನು ಒಂದು ಸಲ ನೋಡಿ, ಒಂದು ಅಭಿಪ್ರಾಯ ಬರೆದು ಸುಮ್ಮನಾಗುತ್ತಿದ್ದವು. ಪ್ರತಿ ವಾರವೂ ಹಿಂಬಾಲಿಸಿ, ಮುಂಜಾವದೊಳಗೆ ಬರೆದು, ಒಂದೊಂದು ಸ್ಕೆಚ್‌ಗೂ ನಕ್ಷತ್ರವೋ ಅಕ್ಷರ ದರ್ಜೆಯೋ ಕೊಡುವ ಕ್ರಮ ನೆಲೆಗೊಂಡದ್ದು ಈ ಶತಮಾನದಲ್ಲಿ. ವೇಗದಿಂದ ಲಾಭವೂ ಉಂಟು, ನಷ್ಟವೂ ಉಂಟು. ನಗುವಿನ ಬಿಸಿ ಆರುವ ಮುನ್ನ ಬರೆದರೆ ನಟರ ಹೊತ್ತರಿವು, ತಪ್ಪಿದ ಮಾತು, ತಡೆಯಲಾಗದೆ ಪಾತ್ರವೇ ನಕ್ಕುಬಿಟ್ಟ ಗಳಿಗೆ ಎಲ್ಲ ಹಸಿಯಾಗಿ ಸಿಗುತ್ತವೆ. ಆದರೆ ಪ್ರತಿ ವಾರ ದರ್ಜೆ ಕೊಡುತ್ತ ಹೋದವನಿಗೆ ಸಾಮಾನ್ಯ ಕಂತಿನ ಬಗ್ಗೆ ಹೇಳಲು ಏನೂ ಉಳಿಯುವುದಿಲ್ಲ. ಇಂಥ ಬರಹಗಳಲ್ಲಿ ಬೇಸರದ ಪುಟಗಳು ಹೆಚ್ಚಿರುವುದು ಅದಕ್ಕೇ.

ಬಯಲಾಟದ ಹಾಸ್ಯಗಾರ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳು ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಸೀಮೆ. ಆಲೆಟ್ಟಿಯಿಂದ ಬಂದಡ್ಕದ ಕಡೆಗೆ ಹೋದರೆ ಕೇರಳದ ಗಡಿ. ಅದರಾಚೆಗೆ ಈ ತಿಟ್ಟಿನ ಹಳೆಯ ತವರಾದ ಕಾಸರಗೋಡು, ಕುಂಬಳೆ. ಮಳೆಗಾಲ ಕಳೆದ ಮೇಲೆ ಹೊರಡುವ ಮೇಳಗಳು ಪತ್ತನಾಜೆಯವರೆಗೆ, ಅಂದರೆ ಮೇ ತಿಂಗಳ ಕೊನೆಯ ಭಾಗದವರೆಗೆ, ಊರೂರು ತಿರುಗುತ್ತವೆ. ಯಾರದೋ ಹರಕೆಗೆ ಗದ್ದೆಯಲ್ಲೋ ದೇವಸ್ಥಾನದ ಬಯಲಿನಲ್ಲೋ ಆಟ ನಡೆಯುತ್ತದೆ.

ಯಕ್ಷಗಾನದಲ್ಲಿ ಬರೆದಿಟ್ಟಿರುವುದು ಪ್ರಸಂಗದ ಪದ್ಯಗಳು ಮಾತ್ರ. ಮಾತೆಲ್ಲ ವೇಷಧಾರಿಯೇ ರಂಗದಲ್ಲಿ ಆಡಬೇಕಾದದ್ದು. ಹಾಸ್ಯಗಾರನಿಗೆ ಈ ಸ್ವಾತಂತ್ರ್ಯ ಇನ್ನೂ ಹೆಚ್ಚು. ಅವನ ಕೆಲವು ಪಾತ್ರಗಳಿಗೆ ಪದ್ಯವೇ ಇಲ್ಲ. ದೂತ, ವಿಪ್ರ, ಕಂಸವಧೆಯ ರಜಕ, ನಳಚರಿತ್ರೆಯ ಬಾಹುಕ, ದಕ್ಷಾಧ್ವರದಲ್ಲಿ ಯಜ್ಞದ ಊಟಕ್ಕೆ ಹೊರಟ ಬ್ರಾಹ್ಮಣ, ಹೀಗೆ ಒಂದೇ ರಾತ್ರಿ ನಾಲ್ಕಾರು ಸಲ ಅವನು ರಂಗಕ್ಕೆ ಬರುತ್ತಾನೆ. ಬಣ್ಣ ಹಚ್ಚುವ ಚೌಕಿಯಲ್ಲಿ ಸ್ತ್ರೀವೇಷ ಇನ್ನೂ ಸಿದ್ಧವಾಗಿಲ್ಲದಿದ್ದರೆ ಆ ಹತ್ತು ನಿಮಿಷವನ್ನು ತುಂಬುವವನೂ ಅವನೇ. ಪ್ರಸಂಗದ ನಡೆ ಪೂರ್ತಿ ತಿಳಿಯದವನು ಹಾಸ್ಯಗಾರನಾಗಲಾರ ಎಂಬ ಮಾತು ಮೇಳಗಳಲ್ಲಿ ಇರುವುದು ಈ ಕಾರಣದಿಂದ.

ಕನ್ನಡ ಪ್ರಸಂಗಗಳಲ್ಲಿ ಇತರ ವೇಷಗಳು ಗ್ರಾಂಥಿಕ ಕನ್ನಡ ಬಿಡುವಂತಿಲ್ಲ. ಇಂಗ್ಲಿಷ್ ಪದ ನುಸುಳಿದರೆ ದೊಡ್ಡ ತಪ್ಪು. ಹಾಸ್ಯಗಾರನೊಬ್ಬನಿಗೆ ಊರ ಮಾತಿನ ರಿಯಾಯಿತಿ ಉಂಟು. ವಿಪ್ರನಾಗಿ ಬಂದಾಗ ಹವ್ಯಕ ಕನ್ನಡ, ದೂತನಾಗಿ ಬಂದಾಗ ಮಂಗಳೂರಿನ ಕಡೆಯ ಆಡುನುಡಿ. ಅರೆಭಾಷೆ, ತುಳು, ಬ್ಯಾರಿ, ಮಲಯಾಳ ಎಲ್ಲವೂ ಕಿವಿಗೆ ಬೀಳುವ ಸುಳ್ಯ ಸೀಮೆಯಲ್ಲಿ ಒಂದು ಮಾತಿನ ಪಲುಕು ಬದಲಾಯಿಸಿದರೆ ಸಾಕು, ನಗು ಏಳುತ್ತದೆ. ಎಷ್ಟು ಬದಲಾಯಿಸಿದರೆ ನಗು, ಎಲ್ಲಿ ಅದು ಒಂದು ಜನದ ಅಣಕವಾಗುತ್ತದೆ ಎಂಬ ಗಡಿಯನ್ನು ಒಳ್ಳೆಯ ಹಾಸ್ಯಗಾರ ಬಲ್ಲ. ‘ಬಪ್ಪನಾಡು ಕ್ಷೇತ್ರ ಮಹಾತ್ಮೆ’ಯ ಬಪ್ಪ ಬ್ಯಾರಿ ಈ ಗಡಿಯ ಮೇಲೆ ನಿಂತ ಪಾತ್ರ. ಸುಲಭವಾಗಿ ಗೇಲಿಗೆ ಜಾರಬಹುದಾಗಿದ್ದ ಆ ಮುಸ್ಲಿಂ ವ್ಯಾಪಾರಿಯನ್ನು ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಘನತೆಯ ಪಾತ್ರವಾಗಿಸಿದರು. ಅದು ಅವರ ಹೆಸರಾದ ವೇಷಗಳಲ್ಲಿ ಒಂದಾಯಿತು.

ಹೆಸರಾದ ಹಾಸ್ಯಗಾರರಲ್ಲಿ ಪುತ್ತೂರು ಸೀಮೆಯ ಪೆರುವೊಡಿ ನಾರಾಯಣ ಭಟ್ಟರು ‘ಪಾಪಣ್ಣ ವಿಜಯ’ದ ಪಾಪಣ್ಣನ ಪಾತ್ರದಿಂದ ಪಾಪಣ್ಣ ಭಟ್ಟರೆಂದೇ ಕರೆಸಿಕೊಂಡರು. ಮಿಜಾರು ಅಣ್ಣಪ್ಪ ಕರ್ನಾಟಕ ಮೇಳದ ತುಳು ಪ್ರಸಂಗಗಳಲ್ಲಿ ಮೆರೆದವರು. 2024ರಲ್ಲಿ ತೀರಿಕೊಂಡ ಬಂಟ್ವಾಳ ಜಯರಾಮ ಆಚಾರ್ಯರು ಪೌರಾಣಿಕ ಪ್ರಸಂಗದ ಚೌಕಟ್ಟು ಮೀರದೆ ನಗಿಸುತ್ತಿದ್ದವರಲ್ಲಿ ಪ್ರಮುಖರು. ಟಿಕೆಟ್ಟಿನ ಡೇರೆ ಮೇಳಗಳ ಕಾಲದಲ್ಲಿ ಹಾಸ್ಯಗಾರನ ಹೆಸರು ಜನರನ್ನು ಸೆಳೆಯುತ್ತಿತ್ತು. ಹರಕೆ ಆಟದಲ್ಲಿ ಟಿಕೆಟ್ಟಿನ ಚಿಂತೆಯಿಲ್ಲ, ಆದರೆ ಎದುರಿಗೆ ಸೇವೆ ಮಾಡಿಸುವ ಮನೆಯ ಹಿರಿಯರೂ ಮಕ್ಕಳೂ ಕುಳಿತಿರುತ್ತಾರೆ. ಒಂದೇ ದೂತನ ಮಾತು ಡೇರೆಯಲ್ಲಿ ಒಂದು ಬಗೆ, ಹರಕೆಯಾಟದಲ್ಲಿ ಇನ್ನೊಂದು ಬಗೆ ಆಗುತ್ತಿದ್ದದ್ದು ಸಹಜ.

ಮರುದಿನದ ಮಾತು

ಆಟದ ಮರುದಿನ ತೋಟದಲ್ಲಿ, ಹೋಟೆಲಿನಲ್ಲಿ, ಬಸ್ಸಿಗೆ ಕಾಯುವಲ್ಲಿ ನಡೆಯುವ ಚರ್ಚೆಯೇ ಈ ಸೀಮೆಯ ಮೂಲ ಕಂತು ವಿಮರ್ಶೆ. ‘ಹಾಸ್ಯ ಲಾಯ್ಕ ಆಯಿತು’ ಎಂಬುದರಿಂದ ಅದು ತೊಡಗುತ್ತದೆ, ಅಲ್ಲಿಗೇ ನಿಲ್ಲುವುದಿಲ್ಲ. ಹಲವು ವರ್ಷ ಆಟ ನೋಡಿದವರ ಬಾಯಲ್ಲಿ ಅದಕ್ಕೆ ಸಾಕಷ್ಟು ಖಚಿತವಾದ ಅಳತೆಗಳಿವೆ.

ಮೊದಲನೆಯದು, ಹಾಸ್ಯ ಪಾತ್ರದೊಳಗಿಂದ ಬಂತೇ ಎಂಬುದು. ಬಾಹುಕ ಇದಕ್ಕೆ ಒಳ್ಳೆಯ ಪರೀಕ್ಷೆ. ಕಾರ್ಕೋಟಕನ ಕಡಿತದಿಂದ ರೂಪಗೆಟ್ಟು ಋತುಪರ್ಣನ ಅಡುಗೆಯವನೂ ಸಾರಥಿಯೂ ಆಗಿರುವ ಅವನು ನಿಜದಲ್ಲಿ ನಳ ಮಹಾರಾಜ. ಅವನ ಕುರೂಪ ನಗಿಸುತ್ತದೆ, ಮಾತು ನಗಿಸುತ್ತದೆ. ಒಳಗೆ ರಾಜ್ಯವನ್ನೂ ಹೆಂಡತಿಯನ್ನೂ ಕಳೆದುಕೊಂಡ ದುಃಖವಿದೆ. ನಗಿಸುವ ಭರದಲ್ಲಿ ನಳನನ್ನು ಮರೆತುಬಿಟ್ಟ ಬಾಹುಕನನ್ನು ಸಭೆ ರಾತ್ರಿ ಎಷ್ಟು ನಕ್ಕು ನೋಡಿದರೂ ಬೆಳಿಗ್ಗೆ ಒಪ್ಪುವುದಿಲ್ಲ. ರಜಕನದು ಇನ್ನೊಂದು ತೊಡಕು. ಬಟ್ಟೆ ಕೇಳಿದ ಕೃಷ್ಣನೊಡನೆ ಕೊಬ್ಬಿನಿಂದ ಜಗಳವಾಡುವ ಅವನ ದೃಶ್ಯ ಕೊಲೆಯಲ್ಲಿ ಮುಗಿಯಬೇಕು. ಸಾಯುವ ಗಳಿಗೆಯವರೆಗೂ ಜನ ನಗುತ್ತಲೇ ಇದ್ದರೆ ಕೃಷ್ಣನ ಪೌರುಷ ಹಾಳಾಯಿತೆಂದೇ ಲೆಕ್ಕ.

ಎದುರು ವೇಷಕ್ಕೆ ಜಾಗ ಕೊಟ್ಟನೋ ಇಲ್ಲವೋ ಎಂಬುದನ್ನೂ ಗಮನಿಸುತ್ತಾರೆ. ರಾಜವೇಷ ಹೇಳಬೇಕಾದ ಮಾತನ್ನು ತಾನೇ ಕಸಿದುಕೊಂಡು ನಗಿಸಿದರೆ ಅದು ಕಳವು. ಪದ್ಯ ಹಾಡಿ ಆಟ ನಡೆಸುವ ಭಾಗವತರು ಜಾಗಟೆ ಎತ್ತಿದ ಮೇಲೂ ಮುಗಿಸದಿದ್ದರೆ ಅತಿ. ಊರಿನ ಪ್ರಸ್ತಾಪವನ್ನು, ಅಂದರೆ ಅಲ್ಲಿಯ ರಸ್ತೆಯ ಹೊಂಡ, ಅಡಿಕೆಯ ಧಾರಣೆ, ಚುನಾವಣೆ ಇತ್ಯಾದಿಗಳನ್ನು, ಪುರಾಣದ ಮಾತಿನೊಳಗೆ ಹೊಲಿಗೆ ಕಾಣದಂತೆ ಸೇರಿಸಿದರೆ ಮೆಚ್ಚುಗೆ. ಸುಮ್ಮನೆ ಊರ ಹೆಸರು ಹೇಳಿ ಚಪ್ಪಾಳೆ ಹೊಡೆಸಿಕೊಂಡರೆ ಬಲ್ಲವರು ಮೂಗು ಮುರಿಯುತ್ತಾರೆ. ಈ ಅಳತೆಗಳಲ್ಲಿ ಹೆಚ್ಚಿನವು ಔಚಿತ್ಯವೆಂಬ ಒಂದೇ ಮಾತಿನಡಿಗೆ ಬರುತ್ತವೆ. ಆದರೆ ಆ ಮಾತನ್ನು ಹಿಡಿದು ಹಾಸ್ಯಗಾರನ ಬಾಯಿ ಕಟ್ಟಿದವರೂ ಇದ್ದಾರೆ. ಎಲ್ಲ ಔಚಿತ್ಯಗಳನ್ನೂ ಪಾಲಿಸಿ ಒಬ್ಬರನ್ನೂ ನಗಿಸದೆ ಹೋದ ವಿಪ್ರನ ಬಗ್ಗೆ ಮರುದಿನ ಯಾರೂ ಮಾತೇ ಆಡುವುದಿಲ್ಲ. ಅದೂ ಒಂದು ತೀರ್ಪು.

ಈ ವಿಮರ್ಶೆಗೆ ಟಿವಿ ವಿಮರ್ಶಕನಿಗಿಲ್ಲದ ಒಂದು ಅನುಕೂಲವಿದೆ. ಅದೇ ಪ್ರಸಂಗ, ಅದೇ ಪಾತ್ರ, ಬೇರೆ ಹಾಸ್ಯಗಾರರ ನೂರಾರು ರಾತ್ರಿಗಳು ಹೋಲಿಕೆಗೆ ಸಿಗುತ್ತವೆ. ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಗಮನವೆಲ್ಲ ಆ ರಾತ್ರಿಯ ಮಾತಿನ ಮೇಲೆ ಬೀಳುತ್ತದೆ.

ಅಚ್ಚಿನಲ್ಲಿ

ಬಾಯಿಮಾತಿನ ಈ ಸೂಕ್ಷ್ಮ ಅಚ್ಚಿಗೆ ಬಂದದ್ದು ಕಡಮೆ. ಪುತ್ತೂರಿನಲ್ಲಿ ನಾಲ್ಕು ದಶಕಗಳಷ್ಟು ಕಾಲ ನೆಲೆಸಿದ್ದ ಶಿವರಾಮ ಕಾರಂತರು ಯಕ್ಷಗಾನವನ್ನು ಆಧುನಿಕ ವಿಮರ್ಶೆಯ ಕಣ್ಣಿನಿಂದ ನೋಡಿದವರಲ್ಲಿ ಮೊದಲಿಗರು. ಅವರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ಒಲವು ಕುಣಿತ, ಬಣ್ಣ, ರಾಗಗಳ ಕಡೆಗೆ. ತಮ್ಮ ನೃತ್ಯರೂಪದ ಪ್ರಯೋಗಗಳಲ್ಲಿ ಅವರು ಮಾತನ್ನು ಬಹುಮಟ್ಟಿಗೆ ಕೈಬಿಟ್ಟರು. ಮಾತು ಹೋದರೆ ಹಾಸ್ಯಗಾರನಿಗೆ ಉಳಿಯುವುದೇನು? ಹಾಸ್ಯವನ್ನು ಕುರಿತು ದೊಡ್ಡ ವಿಮರ್ಶೆ ಬರಬಹುದಾಗಿದ್ದ ಊರಿನಿಂದಲೇ ಅದು ಬರಲಿಲ್ಲವೆನ್ನಬೇಕು.

ಮುಂದಿನವರಲ್ಲಿ ಎಂ. ಪ್ರಭಾಕರ ಜೋಶಿಯವರು ‘ಜಾಗರ’, ‘ಕೇದಗೆ’ ಮೊದಲಾದ ಲೇಖನ ಸಂಗ್ರಹಗಳಲ್ಲಿ ಪದ್ಯಕ್ಕೆ ಮಾತು ಹೊಂದಿಸುವ ಅರ್ಥಗಾರಿಕೆಯನ್ನೂ ಪ್ರದರ್ಶನವನ್ನೂ ನಿಷ್ಠುರವಾಗಿ ಪರಿಶೀಲಿಸಿದರು. ಅಮೃತ ಸೋಮೇಶ್ವರರು (1935–2024) ಪ್ರಸಂಗಕರ್ತರಾಗಿ, ವಿಮರ್ಶಕರಾಗಿ ತುಳು ಪ್ರಸಂಗಗಳ ಒಳಿತು ಕೆಡುಕುಗಳನ್ನು ಬಲ್ಲವರಾಗಿದ್ದರು. 1970ರಲ್ಲಿ ಮಣಿಪಾಲದಿಂದ ಹೊರಟ ಉದಯವಾಣಿ ಯಕ್ಷಗಾನ ವಿಮರ್ಶೆಗೆ ಜಾಗ ಕೊಟ್ಟಿತು. ಅಲ್ಲಿ ಪತ್ರಕರ್ತರಾಗಿದ್ದ ರಾಘವ ನಂಬಿಯಾರ್ ಹಿಮ್ಮೇಳದ ಆಳವಾದ ಅಧ್ಯಯನ ನಡೆಸಿದರು. ಹೀಗೆ ಹಿಮ್ಮೇಳಕ್ಕೆ, ಅರ್ಥಕ್ಕೆ, ಬಣ್ಣಕ್ಕೆ ಒಬ್ಬೊಬ್ಬ ಪ್ರಾಶ್ನಿಕ ದೊರೆತರೂ ಹಾಸ್ಯಕ್ಕೆ ಅಂಥ ಅದೃಷ್ಟ ಕೂಡಿಬರಲಿಲ್ಲ.

ದಿನಬಳಕೆಯ ಪತ್ರಿಕಾ ವಿಮರ್ಶೆಯ ಮಾದರಿ ಕರಾವಳಿಯ ಓದುಗರಿಗೆಲ್ಲ ಪರಿಚಿತ. ಭಾಗವತಿಕೆ ಸುಶ್ರಾವ್ಯವಾಗಿತ್ತು, ಚೆಂಡೆ ಮದ್ದಳೆಯಲ್ಲಿ ಇಂಥವರು ಸಹಕರಿಸಿದರು, ದೇವಿಯಾಗಿ ಇವರು ಮಿಂಚಿದರು, ಮಹಿಷಾಸುರನಾಗಿ ಅವರು ಅಬ್ಬರಿಸಿದರು. ಕೊನೆಯ ಸಾಲಿನಲ್ಲಿ ಹಾಸ್ಯಗಾರರು ನಕ್ಕು ನಲಿಸಿದರು. ಏನು ಹೇಳಿ ನಗಿಸಿದರು ಎಂದು ಬರೆಯುವುದಿಲ್ಲ. ಅದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಹಾಸ್ಯದ ಮಾತನ್ನು ಎತ್ತಿ ಬರೆದರೆ ಅದು ಸಪ್ಪೆಯಾಗುತ್ತದೆ. ಎದುರು ವೇಷದ ಪ್ರಶ್ನೆ, ನಡುವಿನ ಮೌನ, ಸಭೆಯ ಗುಜುಗುಜು ಎಲ್ಲ ಸೇರಿದರೆ ಮಾತ್ರ ಅದು ಹಾಸ್ಯ. ನ್ಯೂಯಾರ್ಕಿನ ಕಂತು ವಿಮರ್ಶಕರು ಸ್ಕೆಚ್‌ನ ಕಲ್ಪನೆಯನ್ನು ಒಂದು ವಾಕ್ಯದಲ್ಲಿ ಹೇಳಿ, ಅದು ಎಲ್ಲಿ ತಿರುಗಿತು, ಎಲ್ಲಿ ಎಳೆಯಿತು ಎಂದು ತೋರಿಸಿ ಈ ತೊಡಕನ್ನು ಸ್ವಲ್ಪಮಟ್ಟಿಗೆ ದಾಟುತ್ತಾರೆ. ಯಕ್ಷಗಾನದ ಹಾಸ್ಯಕ್ಕೂ ಈ ದಾರಿ ಒಗ್ಗುವಂಥದು.

ಮೈಸೂರು ಸೀಮೆಯ ಕಂಪನಿ ನಾಟಕಗಳಲ್ಲಿ, ಬರೆಹಕ್ಕೆ ಸಿಗದ ಇದೇ ಗುಣದ ಇನ್ನೊಂದು ಉದಾಹರಣೆ ಮಾಸ್ಟರ್ ಹಿರಣ್ಣಯ್ಯನವರದು (1934–2019). ‘ಲಂಚಾವತಾರ’ದಲ್ಲಿ ಅವರು ಅಂದಿನ ಪತ್ರಿಕೆಯ ಸುದ್ದಿಯನ್ನು ಅಂದಿನ ರಾತ್ರಿಯೇ ಮಾತಿಗೆ ಸೇರಿಸುತ್ತಿದ್ದರು. ಅಚ್ಚಾದ ನಾಟಕ ಓದಿದವರಿಗೆ ಅವರ ರಂಗದ ಮಾತಿನ ಅರ್ಧವೂ ಸಿಗದು.

ಕನ್ನಡ, ತುಳು ಟಿವಿಯ ಸ್ಕಿಟ್

ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್‌ನಲ್ಲಿ. ಉದಯ ಟಿವಿ 1994ರಲ್ಲಿ, ಈಟಿವಿ ಕನ್ನಡ 2000ದ ಡಿಸೆಂಬರ್‌ನಲ್ಲಿ ಬಂದವು. ಈಟಿವಿಯ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ಧಾರಾವಾಹಿಯ ಅಚ್ಚಿನ ಹಾಸ್ಯಗಳು; ಮನೆಮಂದಿಯ ಸಿಲ್ಲಿತನವೇ ಅವುಗಳ ಬಂಡವಾಳ. ಸ್ಪರ್ಧೆಯ ರೂಪದ ಹಾಸ್ಯ ಹಿಂದಿಯಲ್ಲಿ 2005ರ ‘ದ ಗ್ರೇಟ್ ಇಂಡಿಯನ್ ಲಾಫ್ಟರ್ ಚಾಲೆಂಜ್’ನಿಂದ, ತೆಲುಗಿನಲ್ಲಿ 2013ರ ‘ಜಬರ್‌ದಸ್ತ್’ನಿಂದ ಜನಪ್ರಿಯವಾಯಿತು. ಕನ್ನಡದಲ್ಲಿ ಕಲರ್ಸ್ ಕನ್ನಡದ ‘ಮಜಾ ಟಾಕೀಸ್’ 2015ರಲ್ಲಿ ಸೃಜನ್ ಲೋಕೇಶ್ ನಿರೂಪಣೆಯಲ್ಲಿ ತೊಡಗಿತು. ಅಚ್ಚಗನ್ನಡದ ನಿರೂಪಕಿಯೆಂದು ಹೆಸರಾಗಿದ್ದ ಅಪರ್ಣಾ ಅದರಲ್ಲಿ ವರಲಕ್ಷ್ಮಿಯಾಗಿ ತಮ್ಮ ಗಂಭೀರ ಪ್ರತಿಮೆಯನ್ನೇ ಗೇಲಿಗೆ ಒಡ್ಡಿಕೊಂಡರು. 2016ರಲ್ಲಿ ಜೀ ಕನ್ನಡದ ‘ಕಾಮಿಡಿ ಕಿಲಾಡಿಗಳು’ ಬಂತು: ಜಗ್ಗೇಶ್, ಯೋಗರಾಜ್ ಭಟ್, ರಕ್ಷಿತಾ ತೀರ್ಪುಗಾರರು, ಮಾಸ್ಟರ್ ಆನಂದ್ ನಿರೂಪಕ. ಮೊದಲ ಆವೃತ್ತಿಯಲ್ಲಿ ಕೆ.ಆರ್. ಪೇಟೆಯ ಶಿವರಾಜ್ ಗೆದ್ದರು. ಕಲರ್ಸ್ ಸೂಪರ್‌ನ ‘ಮಜಾ ಭಾರತ’ (2017), ಕಲರ್ಸ್ ಕನ್ನಡದ ‘ಗಿಚ್ಚಿ ಗಿಲಿಗಿಲಿ’ (2022) ಅದೇ ಜಾಡಿನವು.

ಕರಾವಳಿಗೆ ಈ ಕಾರ್ಯಕ್ರಮಗಳು ಹೊಸ ದಾರಿ ತೆರೆದವು. ತುಳು ನಾಟಕ ತಂಡಗಳು, ಮಂಗಳೂರಿನ ‘ನಮ್ಮ ಟಿವಿ’ಯ ‘ಬಲೆ ತೆಲಿಪಾಲೆ’ ಸ್ಪರ್ಧೆ ಇವು ಹುಡುಗರಿಗೆ ಗರಡಿಯಾದವು. ಉಡುಪಿಯ ರಾಕೇಶ್ ಪೂಜಾರಿ ತುಳು ವೇದಿಕೆಯಿಂದ ಬಂದು ‘ಕಾಮಿಡಿ ಕಿಲಾಡಿಗಳು’ ಮೂರನೆಯ ಆವೃತ್ತಿಯನ್ನು ಗೆದ್ದವರು. 2025ರ ಮೇ ತಿಂಗಳಲ್ಲಿ ಮೂವತ್ತರ ಹರೆಯದಲ್ಲೇ ಹೃದಯಾಘಾತದಿಂದ ತೀರಿಕೊಂಡರು. ತುಳು ರಂಗಭೂಮಿಯಲ್ಲಿ ಹೆಸರು ಮಾಡಿದ ದೇವದಾಸ್ ಕಾಪಿಕಾಡ್, ನವೀನ್ ಡಿ. ಪಡೀಲ್, ಅರವಿಂದ ಬೋಳಾರ್, ಭೋಜರಾಜ ವಾಮಂಜೂರು ಅವರ ಮಾತಿನ ಚುರುಕು ಈ ಪೀಳಿಗೆಯ ಮಾದರಿ. ದಾಯ್ಜಿವರ್ಲ್ಡ್ ವಾಹಿನಿಯ ‘ಪ್ರೈವೇಟ್ ಚಾಲೆಂಜ್’ನಲ್ಲಿ ಬೋಳಾರ್ ಮತ್ತು ವಾಲ್ಟರ್ ನಂದಳಿಕೆ ಅವರ ಸಂಭಾಷಣೆ ಯಕ್ಷಗಾನದ ದೂತ ಮತ್ತು ಭಾಗವತರ ಮಾತಿನ ಧಾಟಿಗೆ ಹತ್ತಿರ. ಒಬ್ಬ ನೇರವಾಗಿ ಕೇಳುತ್ತಾನೆ, ಇನ್ನೊಬ್ಬ ಅಡ್ಡ ಹಾರುತ್ತಾನೆ.

ಬೆಂಗಳೂರಿನ ವೇದಿಕೆಗೆ ಹೋದ ಕರಾವಳಿಯ ನಟರು ಒಂದು ಬೆಲೆ ತೆತ್ತದ್ದೂ ಉಂಟು. ‘ಎಂತ ಮಾರಾಯ’ ಎಂಬ ಪಲುಕೇ ನಗುವಿನ ವಸ್ತುವಾಗಿ, ಮಾತಿನೊಳಗಿನ ಹಾಸ್ಯ ಹಿಂದಕ್ಕೆ ಸರಿಯಿತು. ಊರಿನಲ್ಲಿ ಯಾರೂ ನಗದ ಮಾತಿಗೆ ಅಲ್ಲಿ ಚಪ್ಪಾಳೆ ಬಿತ್ತು. ಉತ್ತರ ಕರ್ನಾಟಕದ ನಟರದ್ದೂ ಇದೇ ಪಾಡು. ಗಂಡಸರು ಸೀರೆಯುಟ್ಟು ಬರುವುದು, ಮೈಬಣ್ಣ, ದಪ್ಪ ದೇಹ, ಗಂಡ ಹೆಂಡಿರ ಜಗಳ ಇವನ್ನೇ ತಿರುಗಿಸಿ ತಿರುಗಿಸಿ ಬಳಸುವುದು ಈ ಸ್ಕಿಟ್‌ಗಳ ದೊಡ್ಡ ಬಡತನ. ಒಂದು ಆವೃತ್ತಿಗೆ ಹತ್ತಾರು ಸ್ಕಿಟ್ ಬೇಕಾದಾಗ ಬರೆಯುವವರ ಕೈ ಹಳೆಯ ಡಬ್ಬಕ್ಕೆ ಹೋಗುವುದು ಆಶ್ಚರ್ಯವಲ್ಲ.

ವಿಮರ್ಶೆಯ ದೃಷ್ಟಿಯಿಂದ ಈ ಕಾರ್ಯಕ್ರಮಗಳ ವಿಶೇಷವೆಂದರೆ ವಿಮರ್ಶಕರು ಕಾರ್ಯಕ್ರಮದ ಒಳಗೇ ಕುಳಿತಿರುವುದು. ಸ್ಕಿಟ್ ಮುಗಿದ ಕೂಡಲೇ ತೀರ್ಪುಗಾರರು ಟೈಮಿಂಗ್, ಕೌಂಟರ್, ಪಾತ್ರದ ಹಿಡಿತ ಎಂದು ವಿಂಗಡಿಸಿ ಹೇಳುತ್ತಾರೆ. ಕನ್ನಡಿಗರಲ್ಲಿ ಅತಿ ಹೆಚ್ಚು ಜನ ಕೇಳಿರುವ ಹಾಸ್ಯ ವಿಮರ್ಶೆ ಬಹುಶಃ ಇದೇ. ಹಾಸ್ಯ ನಟರಾಗಿ ನುರಿತವರು ಕುಳಿತಿದ್ದಾಗ ಅದರಲ್ಲಿ ನಿಜವಾದ ಕಸುಬಿನ ಮಾತು ಸಿಗುವುದುಂಟು. ಆದರೆ ತೀರ್ಪುಗಾರರ ನಗುವೂ ಕಾರ್ಯಕ್ರಮದ ಸರಕೇ. ಅವರು ಮೇಜು ಗುದ್ದಿ ನಕ್ಕದ್ದನ್ನು ಸಂಕಲನಕಾರ ಬೇಕಾದಲ್ಲಿ ಇಡಬಲ್ಲ, ಎದ್ದ ನಗುವನ್ನು ಉದ್ದ ಮಾಡಬಲ್ಲ, ಬಿದ್ದ ಮಾತನ್ನು ತೆಗೆದೇ ಬಿಡಬಲ್ಲ. ಹಿನ್ನೆಲೆಯ ‘ಟುಯ್ಂ’ ಸದ್ದು ಎಲ್ಲಿ ನಗಬೇಕೆಂದು ಮೊದಲೇ ಹೇಳಿಬಿಡುತ್ತದೆ. ಆದ್ದರಿಂದ ಇಂಥ ಕಂತನ್ನು ವಿಮರ್ಶಿಸುವವನು ಭರತನ ಸಿದ್ಧಿಲಕ್ಷಣಗಳನ್ನು ಸಾಕ್ಷಿಯಾಗಿ ಸ್ವೀಕರಿಸುವಂತಿಲ್ಲ. ನಗುವನ್ನು ಪಕ್ಕಕ್ಕಿಟ್ಟು ಬರವಣಿಗೆಯನ್ನೂ ನಟನೆಯನ್ನೂ ಬೇರೆ ಬೇರೆ ನೋಡಬೇಕಾಗುತ್ತದೆ.

ಹೊರಗಿನ ಬರೆಹ ಅಷ್ಟಾಗಿ ಬೆಳೆಯದಿರಲು ಟಿಆರ್‌ಪಿಯೂ ಕಾರಣ. ಟಿವಿ ನೋಡುವವರ ಲೆಕ್ಕ ಇಡುವ ಬಾರ್ಕ್ ಸಂಸ್ಥೆ 2015ರಿಂದ ವಾರವಾರ ಕೊಡುವ ಅಂಕಿಗಳೇ ವಾಹಿನಿಗಳಿಗೆ ತೀರ್ಪು. ಪತ್ರಿಕೆಗಳ ಕಿರುತೆರೆ ಪುಟಗಳು ಹೆಚ್ಚಾಗಿ ಹೊಸ ಆವೃತ್ತಿಯ ಸುದ್ದಿ, ನಟನಟಿಯರ ಸಂದರ್ಶನಗಳಿಂದ ತುಂಬುತ್ತವೆ. ಸಿನಿಮಾಕ್ಕೆ ಶುಕ್ರವಾರದ ವಿಮರ್ಶೆ ಇರುವಂತೆ ಟಿವಿ ಹಾಸ್ಯದ ಕಂತಿಗೆ ಸೋಮವಾರದ ವಿಮರ್ಶೆ ರೂಢಿಯಾಗಲಿಲ್ಲ. ಸುಳ್ಯದ ಹಳೆಗೇಟಿನಲ್ಲಿ ಜೀವನ್‌ರಾಂ ಸುಳ್ಯ ಕಟ್ಟಿದ ರಂಗಮನೆಯ ನಾಟಕಗಳನ್ನು ನೋಡಿ ಚರ್ಚಿಸುವ ಪ್ರೇಕ್ಷಕರು ಅದೇ ವಾರ ಮನೆಯಲ್ಲಿ ನೋಡಿದ ಸ್ಕಿಟ್‌ನ ಬಗ್ಗೆ ಎರಡು ವಾಕ್ಯಕ್ಕಿಂತ ಹೆಚ್ಚು ಆಡುವುದಿಲ್ಲ. ವಸ್ತು ಹಗುರವೆಂಬ ಭಾವನೆ ಇದಕ್ಕೆ ಕಾರಣ. ಹಗುರವಾದದ್ದನ್ನು ಕೆಡದಂತೆ ಮಾಡುವುದು ಎಷ್ಟು ಕಷ್ಟವೆಂಬುದು ಮಾಡುವವರಿಗೆ ಮಾತ್ರ ಗೊತ್ತು.

ಕಾಲಮಿತಿ, ನೇರ ಪ್ರಸಾರ, ದಾಖಲೆ

ಈಚಿನ ವರ್ಷಗಳಲ್ಲಿ ಹಲವು ಮೇಳಗಳು ಇಡೀ ರಾತ್ರಿಯ ಆಟದಿಂದ ಸಂಜೆ ತೊಡಗಿ ನಡುರಾತ್ರಿಯೊಳಗೆ ಮುಗಿಯುವ ಕಾಲಮಿತಿಗೆ ಹೊರಳಿವೆ. ಹೊತ್ತು ಕಡಮೆಯಾದಾಗ ಕತ್ತರಿ ಮೊದಲು ಬೀಳುವುದು ಹಾಸ್ಯಕ್ಕೆ. ದೂತ ಬಂದು ಸುದ್ದಿ ಹೇಳಿ ಹೊರಡುತ್ತಾನೆ, ವಿಪ್ರನ ದೃಶ್ಯ ಬಿಟ್ಟೇ ಹೋಗುತ್ತದೆ. ಉಳಿದ ಐದು ನಿಮಿಷದಲ್ಲಿ ನಗಿಸಬೇಕಾದವನು ನಿಧಾನವಾಗಿ ಮಾತು ಬೆಳೆಸುವ ಹಳೆಯ ಕ್ರಮ ಬಿಟ್ಟು ಟಿವಿ ಸ್ಕಿಟ್‌ನಂತೆ ಸಿದ್ಧ ಮಾತುಗಳಿಗೆ ಕೈಹಾಕುತ್ತಾನೆ. ಯಕ್ಷಗಾನದ ಹಾಸ್ಯ ಟಿವಿಯಂತಾಗುತ್ತಿದೆ ಎಂಬ ಹಿರಿಯ ನೋಡುಗರ ದೂರಿಗೆ ಟಿವಿಗಿಂತಲೂ ಈ ಗಡಿಯಾರ ದೊಡ್ಡ ಕಾರಣ.

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಮೇಳಗಳ ತಿರುಗಾಟ ನಡುವೆಯೇ ನಿಂತಾಗ ವೇಷ ಕುಣಿತಗಳಿಲ್ಲದೆ ಕುಳಿತು ಅರ್ಥ ಹೇಳುವ ತಾಳಮದ್ದಳೆ, ಚಿಕ್ಕ ಆಟಗಳು ಪ್ರೇಕ್ಷಕರಿಲ್ಲದ ಸಭಾಂಗಣಗಳಿಂದ ಯೂಟ್ಯೂಬ್‌ನಲ್ಲಿ ನೇರ ಪ್ರಸಾರವಾದವು. ಅದರಿಂದ ಹೆಚ್ಚು ಪೆಟ್ಟು ತಿಂದದ್ದು ಹಾಸ್ಯ. ಎದುರಿಗೆ ನಗುವವರಿಲ್ಲದಿದ್ದರೆ ಮುಂದಿನ ಮಾತು ಯಾವಾಗ ಆಡಬೇಕೆಂದೇ ತಿಳಿಯುವುದಿಲ್ಲ. ಹಾಸ್ಯಗಾರರು ಹಿಮ್ಮೇಳದವರ ಮುಖ ನೋಡಿ ಹೊತ್ತು ಅಳೆಯಬೇಕಾಯಿತು. ಆ ಮೇಲೆ ಜನರಿರುವ ಆಟಗಳ ನೇರ ಪ್ರಸಾರವೂ ರೂಢಿಗೆ ಬಂದು, ಬೆಂಗಳೂರು, ಮುಂಬಯಿ, ಕೊಲ್ಲಿ ರಾಷ್ಟ್ರಗಳಲ್ಲಿರುವ ಕರಾವಳಿಯವರು ಊರಿನ ಹರಕೆಯಾಟವನ್ನು ಅದೇ ರಾತ್ರಿ ನೋಡುವಂತಾಯಿತು. ಒಂದು ಊರಿನ ಸಭೆಗೆಂದು ಆಡಿದ ಮಾತು ಈಗ ಎಲ್ಲೆಡೆ ಕೇಳುತ್ತದೆ. ಎರಡು ನಿಮಿಷದ ತುಣುಕಾಗಿ ಕತ್ತರಿಸಿ ಹರಡಿದಾಗ ಅದರ ಹಿಂದು ಮುಂದು ಕಳೆದುಹೋಗಿ, ಪಾತ್ರದ ಮಾತು ನಟನ ಮಾತೆಂಬಂತೆ ಜಗಳಕ್ಕೆ ಕಾರಣವಾಗುವುದೂ ಉಂಟು. ವೇದಿಕೆಯ ರಾಜಕೀಯ ಟೀಕೆಯ ಬಗ್ಗೆ ಕಲಾವಿದರು ಮೊದಲಿಗಿಂತ ಎಚ್ಚರವಾಗಿರುವುದು ಇದರ ಒಂದು ಪರಿಣಾಮ.

ವಿಮರ್ಶಕನಿಗೆ ಮಾತ್ರ ಇದು ಹಿಂದೆ ಇಲ್ಲದಿದ್ದ ಸಾಮಗ್ರಿ. ಕ್ಯಾಸೆಟ್ಟಿನ ಕಾಲದಲ್ಲಿ ಉಳಿದದ್ದು ಹೆಚ್ಚಾಗಿ ಹೆಸರಾಂತ ಅರ್ಥಧಾರಿಗಳ ತಾಳಮದ್ದಳೆ. ದೂತ, ರಜಕರ ಮಾತು ಬಯಲಿನಲ್ಲೇ ಹೋಯಿತು. ಈಗ ಒಂದೇ ಪ್ರಸಂಗವನ್ನು ಒಂದೇ ಹಾಸ್ಯಗಾರ ಬೇರೆ ಬೇರೆ ಊರುಗಳಲ್ಲಿ ಹೇಗೆ ನಡೆಸಿದನೆಂದು ಪೂರ್ತಿ ರಾತ್ರಿಯ ಮುದ್ರಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಯಾವ ಮಾತು ಸಿದ್ಧವಾಗಿ ಬಂದದ್ದು, ಯಾವುದು ಆ ರಂಗಸ್ಥಳದಲ್ಲೇ ಹುಟ್ಟಿದ್ದು, ಎದುರು ವೇಷ ಬದಲಾದಾಗ ಏನು ಬದಲಾಯಿತು ಎಂಬುದನ್ನು ನೆನಪಿನ ಮೇಲೆ ಬಿಡದೆ ತೋರಿಸಿಕೊಡಬಹುದು. ಅಂಥ ಅಧ್ಯಯನ ನಡೆಯಬೇಕಾದರೆ ಮುದ್ರಿಕೆಯ ಜೊತೆಗೆ ತಾರೀಖು, ಸ್ಥಳ, ಮೇಳ, ಪ್ರಸಂಗ, ಎದುರು ವೇಷಧಾರಿ, ಭಾಗವತರ ಹೆಸರು ಇಷ್ಟನ್ನಾದರೂ ಬರೆದಿಡಬೇಕು. ಈಗ ಸಿಗುವ ಮುದ್ರಿಕೆಗಳಲ್ಲಿ ಎಷ್ಟೋ ಕಡೆ ಪ್ರಸಂಗದ ಹೆಸರೊಂದನ್ನು ಬಿಟ್ಟು ಬೇರೇನೂ ಇರುವುದಿಲ್ಲ.